‘ತಾಳು’ ಎನ್ನುವ ಹಕ್ಕು ಯಾರಿಗಿದೆ?

(ಮಾರ್ಚ್ ತಿಂಗಳ ಒಂದು ಭಾನುವಾರ ಸಂಜೆ ಚಿಕ್ಕಮಗಳೂರಿನಲ್ಲಿ, ಬೇರೆ ಬೇರೆ ಧರ್ಮಗಳಲ್ಲಿ ತಾಳ್ಮೆಯ ಅರ್ಥ ಎಂಬ ವಿಷಯವಾಗಿ ಆಡಿದ ಮಾತುಗಳಿವು. ಸಮಯ ಸಾಲದೆ ಬಿಟ್ಟಿದ್ದ ಎರಡು ಮೂರು ಸಂಗತಿಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಒಳಗೆ ಬರುವಾಗ ಬಾಗಿಲ ಬಳಿ ಇಬ್ಬರು ಹಿರಿಯರು ಮಾತನಾಡಿಕೊಳ್ಳುತ್ತಿದ್ದರು. ‘ನಿಮ್ಮ ಕಡೆ ಎಷ್ಟಾಯಿತು?’ ‘ಮೂವತ್ತು ಸೆಂಟ್. ನಿಮಗೆ?’ ‘ನಮಗೆ ಬರಿಯ ಗುಡುಗು.’ ಬೇರೆ ಊರಿನವರಿಗೆ ಇದು ನಿವೇಶನ ಕೊಳ್ಳುವ ಮಾತಿನಂತೆ ಕೇಳಿಸೀತು. ನಮಗೆ ಗೊತ್ತು, ಇದು ಮಳೆಯ ಲೆಕ್ಕ. ನೂರು ಸೆಂಟ್ ಎಂದರೆ ಒಂದು ಇಂಚು. ಹೂಮಳೆಯ ಕಾಲದಲ್ಲಿ ಈ ಜಿಲ್ಲೆಯ ಅರ್ಧ ಜನ ಆಕಾಶ ನೋಡುತ್ತಿರುತ್ತಾರೆ, ಉಳಿದರ್ಧ ಜನ ಫೋನಿನಲ್ಲಿ ಸೆಂಟ್ ಕೇಳುತ್ತಿರುತ್ತಾರೆ. ಇಂಥ ಊರಿನಲ್ಲಿ ನಿಂತು ತಾಳ್ಮೆಯ ಬಗ್ಗೆ ಹೇಳಬೇಕಾಗಿರುವುದರಿಂದ ಕಾಫಿ ಗಿಡದಿಂದಲೇ ಆರಂಭಿಸುತ್ತೇನೆ.

ಕಾಫಿಯ ಮೊಗ್ಗು ಮಳೆಗಾಗಿ ಕಾಯುತ್ತದೆ ಎಂದು ನಾವು ಹೇಳುತ್ತೇವೆ. ಅದು ಅರ್ಧ ಸತ್ಯ. ಮೊಗ್ಗು ಮೂಡಿದ ಮೇಲೆ ಗಿಡಕ್ಕೆ ಕೆಲವು ವಾರ ನೀರಿನ ಬರ ತಟ್ಟಬೇಕು. ಆ ಒಣಗು ಕಾಲದಲ್ಲಿ ಮೊಗ್ಗಿನೊಳಗೆ ಏನೋ ಸಿದ್ಧವಾಗುತ್ತದೆ. ಅದಾದ ಮೇಲೆ ಒಂದು ಹದವಾದ ಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ಇಡೀ ತೋಟ ಒಂದೇ ಬೆಳಗ್ಗೆ ಬೆಳ್ಳಗಾಗುತ್ತದೆ. ಬರವೇ ಇಲ್ಲದೆ ಆಗಾಗ ಮಳೆ ಬೀಳುತ್ತಿದ್ದರೆ ಹೂವು ಕಂತುಕಂತಾಗಿ ಬಂದು ಹಣ್ಣೂ ಕಂತುಕಂತಾಗಿ ಆಗುತ್ತದೆ. ಮಳೆ ತೀರ ಕಡಿಮೆಯಾದರೆ ಮೊಗ್ಗು ಅರೆಬರೆ ಬಿರಿದು ಕೆಡುತ್ತದೆ. ಹೂವು ಅರಳಿದ ಮೇಲೂ ಮುಗಿಯಲಿಲ್ಲ. ಎರಡು ಮೂರು ವಾರದೊಳಗೆ ಇನ್ನೊಂದು ಮಳೆ, ನಾವು ಬ್ಯಾಕಿಂಗ್ ಮಳೆ ಎನ್ನುತ್ತೇವಲ್ಲ, ಅದು ಬರಬೇಕು. ಅರೇಬಿಕಾ ಹಣ್ಣಾಗಲು ಅಲ್ಲಿಂದ ಎಂಟು ಒಂಬತ್ತು ತಿಂಗಳು. ರೊಬಸ್ಟಾಕ್ಕೆ ಹತ್ತು ಹನ್ನೊಂದು.

ಈ ನಡುವೆ ಯಾರಾದರೂ ಕೈಕಟ್ಟಿ ಕುಳಿತಿರುತ್ತಾರೆಯೇ? ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಸವರುವುದು, ಆಗಬೇಕು, ಚಿಗುರು ತೆಗೆಯಬೇಕು, ಕಾಂಡಕೊರಕ ಹಿಡಿದ ಗಿಡಗಳನ್ನು ಒಂದೊಂದಾಗಿ ತಟ್ಟಿ ನೋಡಿ ಗುರುತು ಹಚ್ಚಿ ಕಿತ್ತು ಸುಡಬೇಕು. ಕಾಯುವುದು ಎಂಬ ಕ್ರಿಯಾಪದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳಿರುವುದು ಸುಮ್ಮನೆ ಅಲ್ಲ ಎಂದು ನನಗೆ ಅನ್ನಿಸುತ್ತದೆ. ಬಸ್ಸಿಗಾಗಿ ಕಾಯುತ್ತೇವೆ, ಹೊಲವನ್ನೂ ಕಾಯುತ್ತೇವೆ. ಒಂದರಲ್ಲಿ ನಿರೀಕ್ಷೆ, ಇನ್ನೊಂದರಲ್ಲಿ ರಕ್ಷಣೆ. ತೋಟದವನು ಎರಡನ್ನೂ ಒಟ್ಟಿಗೆ ಮಾಡುತ್ತಿರುತ್ತಾನೆ.

ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳು ನಾನು, ಪದಗಳ ಹಿಂದೆ ಹೋಗುವ ಅಭ್ಯಾಸ ಬಿಟ್ಟಿಲ್ಲ. ‘ತಾಳ್ಮೆ’ ಬಂದಿರುವುದು ‘ತಾಳು’ ಎಂಬ ಧಾತುವಿನಿಂದ. ಈ ತಾಳು ಎಷ್ಟು ಕೆಲಸ ಮಾಡುತ್ತದೆ ನೋಡಿ. ‘ತಾಳು, ಬಂದೆ’ ಎಂದರೆ ಸ್ವಲ್ಪ ನಿಲ್ಲು. ‘ಈ ತೊಲೆ ಇಷ್ಟು ಭಾರ ತಾಳುತ್ತದೆಯೇ?’ ಎಂದರೆ ಹೊರುತ್ತದೆಯೇ. ‘ಈ ಕಂಬಳಿ ಇನ್ನೆರಡು ಮಳೆಗಾಲ ತಾಳುತ್ತದೆ’ ಎಂದರೆ ಬಾಳಿಕೆ ಬರುತ್ತದೆ. ‘ಉಗ್ರರೂಪ ತಾಳಿದನು’ ಎಂದರೆ ಧರಿಸಿದನು. ಹೊರುವುದು, ಉಳಿಯುವುದು, ರೂಪ ಪಡೆಯುವುದು, ಎಲ್ಲ ಒಂದೇ ಪದದಲ್ಲಿ. ‘ತಾಳಿದವನು ಬಾಳಿಯಾನು’ ಎಂಬ ಗಾದೆಯನ್ನು ನಾವು ಸಹಿಸಿಕೊಂಡವನು ಎಂದಷ್ಟೇ ಅರ್ಥ ಮಾಡಿ ಬಡವಾಗಿಸಿದ್ದೇವೆ.

ಅಕ್ಕಮಹಾದೇವಿಯ ‘ಬೆಟ್ಟದ ಮೇಲೊಂದು ಮನೆಯ ಮಾಡಿ’ ವಚನ ಇಲ್ಲಿರುವ ಎಲ್ಲರಿಗೂ ಬರುತ್ತದೆ. ಬೆಟ್ಟದ ಮೇಲೆ ಮನೆ ಮಾಡಿದ ಜನವೇ ನಾವು. ಅದರ ಕೊನೆಯಲ್ಲಿ, ಸ್ತುತಿ ನಿಂದೆಗಳು ಬಂದರೆ ‘ಮನದಲ್ಲಿ ಕೋಪವ ತಾಳದೆ ಸಮಾಧಾನಿಯಾಗಿರಬೇಕು’ ಎನ್ನುತ್ತಾಳೆ. ಎಷ್ಟೋ ವರ್ಷ ಈ ಸಾಲನ್ನು ಪಾಠ ಮಾಡಿ ದಾಟಿ ಹೋಗಿದ್ದೆ. ಒಂದು ದಿನ ಆ ‘ತಾಳದೆ’ ಎಂಬಲ್ಲಿ ನಿಂತೆ. ತಾಳ್ಮೆ ಕಲಿಸುವ ವಚನದಲ್ಲಿ ‘ತಾಳಬೇಡ’ ಎಂಬ ಮಾತು ಇದೆ! ಕೋಪವನ್ನು ತಾಳಬೇಡ, ಮೈಮೇಲೆ ಹೊದೆದುಕೊಳ್ಳಬೇಡ ಎನ್ನುತ್ತಿದ್ದಾಳೆ. ಏನನ್ನು ಹೊರಬೇಕು, ಏನನ್ನು ಹೊರಬಾರದು ಎಂಬ ಆಯ್ಕೆ ಹೊರುವವರದು. ಅಕ್ಕ ಇದನ್ನು ಹೇಳುವುದು ಅರಮನೆಯನ್ನೂ ಗಂಡನನ್ನೂ ಬಿಟ್ಟು ಹೊರಟು ಬಂದ ಮೇಲೆ. ಕೌಶಿಕನ ಮನೆಯಲ್ಲಿ ಸಹಿಸಿಕೊಂಡು ಬಿದ್ದಿದ್ದರೆ ಅವಳ ಬಾಯಿಂದ ಈ ಮಾತು ಹುಟ್ಟುತ್ತಿರಲಿಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಒಂದು ಕಾರಣವಿದೆ. ಅದನ್ನು ಹೇಳದೆ ಮುಂದೆ ಹೋದರೆ ಉಳಿದ ಮಾತುಗಳು ಪ್ರಾಮಾಣಿಕವಾಗುವುದಿಲ್ಲ.

ಸುಮಾರು ಹದಿನೈದು ವರ್ಷದ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಮಧ್ಯಾಹ್ನ ಮನೆಗೆ ಬಂದಳು. ಮದುವೆಯಾಗಿ ಎರಡು ವರ್ಷವಾಗಿತ್ತು. ಸೆರಗನ್ನು ಬಲಗೈಯ ಮೇಲೆ ಎಳೆದುಕೊಳ್ಳುತ್ತಲೇ ಇದ್ದಳು. ಕೇಳಿದ ಮೇಲೆ ತೋರಿಸಿದಳು. ನಾನು ಅವಳಿಗೆ ಊಟ ಹಾಕಿದೆ, ಕಾಫಿ ಕೊಟ್ಟೆ, ಬೆನ್ನು ಸವರಿದೆ. ಆಮೇಲೆ ಹೇಳಿದೆ: ‘ಸ್ವಲ್ಪ ತಾಳಮ್ಮ, ಒಂದು ಮಗುವಾದರೆ ಎಲ್ಲ ಸರಿಹೋಗುತ್ತದೆ.’ ನನ್ನ ತಾಯಿ ನನಗೆ ಹೇಳಿದ್ದ ಮಾತು ಅದು, ಅಜ್ಜಿ ತಾಯಿಗೆ ಹೇಳಿದ್ದ ಮಾತು. ಅವಳು ತಲೆಯಾಡಿಸಿ ಐದು ಗಂಟೆಯ ಬಸ್ಸಿಗೆ ಹೋದಳು. ಮಗುವೂ ಆಯಿತು. ಸರಿಹೋಗಲಿಲ್ಲ. ಮತ್ತೆ ಆರು ವರ್ಷ ಅವಳು ತಾಳಿದಳು. ಅದರಲ್ಲಿ ಎಷ್ಟು ವರ್ಷ ನನ್ನ ಮಾತಿನಿಂದ ಎಂದು ನಾನು ಎಣಿಸುತ್ತಿರುತ್ತೇನೆ.

ಅಂದಿನಿಂದ ಯಾವ ಧರ್ಮಗ್ರಂಥ ತೆರೆದರೂ ನನ್ನದು ಒಂದೇ ಪ್ರಶ್ನೆ: ಇಲ್ಲಿ ‘ತಾಳು’ ಎನ್ನುತ್ತಿರುವವರು ಯಾರು, ಯಾರಿಗೆ ಹೇಳುತ್ತಿದ್ದಾರೆ?

ನಮ್ಮ ಕಣ್ಣೆದುರಿನ ಬಾಬಾಬುಡನ್‌ಗಿರಿಯಿಂದಲೇ ನೋಡೋಣ. ಆ ಬೆಟ್ಟದ ಮೇಲೆ ಎರಡು ನೆನಪುಗಳಿವೆ. ಒಂದು ದತ್ತಾತ್ರೇಯನದು. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಅವಧೂತನೊಬ್ಬ ಯದುರಾಜನಿಗೆ ತನ್ನ ಇಪ್ಪತ್ತನಾಲ್ಕು ಗುರುಗಳ ಹೆಸರು ಹೇಳುತ್ತಾನೆ. ಪರಂಪರೆ ಆ ಅವಧೂತನನ್ನು ದತ್ತನೆಂದೇ ತಿಳಿಯುತ್ತದೆ. ಅವನ ಮೊದಲ ಗುರು ಭೂಮಿ. ಎಷ್ಟು ತುಳಿದರೂ ತನ್ನ ದಾರಿಯಿಂದ ಕದಲದಿರುವುದನ್ನು ಅವನು ನೆಲದಿಂದ ಕಲಿತನು. ಸಂಸ್ಕೃತದಲ್ಲಿ ‘ಕ್ಷಮಾ’ ಎಂದರೆ ತಾಳ್ಮೆ, ಭೂಮಿ ಎಂದೂ ಅರ್ಥ. ಇಲ್ಲಿ ಗಮನಿಸಬೇಕಾದದ್ದು, ಭೂಮಿ ಅವನಿಗೆ ಏನನ್ನೂ ಉಪದೇಶಿಸಲಿಲ್ಲ. ಶಿಷ್ಯನೇ ನೋಡಿ ಕಲಿತನು. ‘ಭೂಮಿಯಂತೆ ಇರು’ ಎಂದು ಅವನು ಇನ್ನೊಬ್ಬರಿಗೆ ಅಪ್ಪಣೆ ಮಾಡಲೂ ಇಲ್ಲ, ತಾನು ಆಗಲು ಹೊರಟನು. ಆ ಅಪ್ಪಣೆ ಮಾಡಿದವರು ನಾವು, ಅದೂ ನಮ್ಮ ಹೆಣ್ಣುಮಕ್ಕಳಿಗೆ. ‘ಕ್ಷಮಯಾ ಧರಿತ್ರೀ’ ಎಂದು ಮದುವೆಯ ಮನೆಯಲ್ಲಿ ಹೊಗಳುತ್ತೇವೆ. ಆದರೆ ಭೂಮಿಯ ತಾಳ್ಮೆಯೂ ನಮಗೆ ಗೊತ್ತಿದೆ. 2019ರ ಆಗಸ್ಟಿನಲ್ಲಿ ಮೂಡಿಗೆರೆ ಸೀಮೆಯಲ್ಲಿ ಗುಡ್ಡಗಳು ತೋಟ, ಮನೆ, ರಸ್ತೆಗಳ ಸಮೇತ ಜಾರಿ ಬಂದದ್ದನ್ನು ನೋಡಿದವರು ಈ ಸಭೆಯಲ್ಲಿ ಇದ್ದೀರಿ.

ಬೆಟ್ಟದ ಇನ್ನೊಂದು ನೆನಪು ಬಾಬಾ ಬುಡನ್ ಅವರದು. ಹದಿನೇಳನೆಯ ಶತಮಾನದಲ್ಲಿ ಹಜ್ ಯಾತ್ರೆಯಿಂದ ಮರಳುವಾಗ ಯೆಮೆನ್‌ನ ಮೋಕಾದಿಂದ ಏಳು ಕಾಫಿ ಬೀಜ ತಂದು ಇಲ್ಲಿ ನೆಟ್ಟರು ಎಂಬ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಕಡಿಮೆ ಜನರು ನೆನೆಯುವ ಸಂಗತಿಯೆಂದರೆ, ಯೆಮೆನ್‌ನಲ್ಲಿ ಕಾಫಿಯನ್ನು ಮೊದಲು ರೂಢಿಗೆ ತಂದವರಲ್ಲಿ ಸೂಫಿಗಳು ಮುಖ್ಯರು. ರಾತ್ರಿಯಿಡೀ ದೇವರ ನಾಮಸ್ಮರಣೆಯಲ್ಲಿ ಎಚ್ಚರವಾಗಿರಲು ಅವರು ಅದನ್ನು ಕುಡಿಯುತ್ತಿದ್ದರು. ನಾವು ಬೆಳಗ್ಗೆ ಆತುರಕ್ಕೆ ಕುಡಿಯುವ ಕಾಫಿ ಹುಟ್ಟಿದ್ದು ರಾತ್ರಿ ಕಾಯುವವರಿಗಾಗಿ.

ಅರಬ್ಬಿಯಲ್ಲಿ ತಾಳ್ಮೆಗೆ ‘ಸಬ್ರ್’ ಎನ್ನುತ್ತಾರೆ. ನಾವು ‘ಸಬೂರಿ’ ಎಂದು ಬಳಸುವುದು ಅದರ ಸಂತತಿಯನ್ನೇ. ಆ ಧಾತುವಿನಲ್ಲಿ ಕಟ್ಟುವುದು, ಬಿಗಿಹಿಡಿಯುವುದು ಎಂಬ ಅರ್ಥವಿದೆ. ಕುದುರೆಯ ಲಗಾಮನ್ನು ಹಿಡಿದಂತೆ ತನ್ನನ್ನು ತಾನು ಹಿಡಿಯುವುದು. ದೇವರು ತಾಳ್ಮೆಯುಳ್ಳವರ ಜೊತೆಗಿದ್ದಾನೆ ಎಂದು ಕುರಾನ್ ಹೇಳುತ್ತದೆ. ನನಗೆ ಬಹಳ ಆಪ್ತವಾದದ್ದು ಯೂಸುಫರ ಅಧ್ಯಾಯದಲ್ಲಿ ಬರುವ ತಂದೆ ಯಾಕೂಬರ ಕಥೆ. ಗಂಡುಮಕ್ಕಳು ತಮ್ಮನನ್ನು ಬಾವಿಗೆ ತಳ್ಳಿ, ರಕ್ತ ಹಚ್ಚಿದ ಅಂಗಿ ತಂದು, ತೋಳ ತಿಂದಿತು ಎನ್ನುತ್ತಾರೆ. ಅದು ಸುಳ್ಳೆಂದು ತಂದೆಗೆ ಗೊತ್ತು. ‘ಸಬ್ರುನ್ ಜಮೀಲ್’ ಎನ್ನುತ್ತಾರೆ ಅವರು. ಸುಂದರವಾದ ತಾಳ್ಮೆ. ಸುಂದರ ತಾಳ್ಮೆ ಎಂದರೆ ಕಣ್ಣೀರಿಲ್ಲದ ತಾಳ್ಮೆ ಎಂದು ನಾವು ಭಾವಿಸುತ್ತೇವೆ. ಅದೇ ಅಧ್ಯಾಯದಲ್ಲಿ ಮುಂದೆ ಅವರ ಕಣ್ಣುಗಳು ದುಃಖದಿಂದ ಬೆಳ್ಳಗಾಗಿ ನೋಟ ಹೋಗುತ್ತದೆ. ಇನ್ನೂ ಯೂಸುಫನನ್ನೇ ನೆನೆಯುತ್ತೀಯಲ್ಲ ಎಂದು ಮಕ್ಕಳು ಗದರುತ್ತಾರೆ. ನನ್ನ ಸಂಕಟವನ್ನು ನಾನು ದೇವರ ಮುಂದೆ ಮಾತ್ರ ಹೇಳಿಕೊಳ್ಳುತ್ತಿದ್ದೇನೆ ಎಂದು ಅವರು ಉತ್ತರಿಸುತ್ತಾರೆ. ಅಳುತ್ತಲೇ ಇದ್ದರು, ಆಶೆ ಬಿಡಲಿಲ್ಲ, ಮಕ್ಕಳ ಸುಳ್ಳನ್ನು ಸತ್ಯವೆಂದು ಒಪ್ಪಲೂ ಇಲ್ಲ. ಇಷ್ಟೆಲ್ಲ ಸೇರಿ ಸುಂದರವಾದ ತಾಳ್ಮೆ. ಅಳಬೇಡ ಎಂದು ಗದರಿದವರು ಯಾರು? ಬಾವಿಗೆ ತಳ್ಳಿದವರು.

ಹಾಸನದ ಕಡೆಗೆ ಇಳಿಯೋಣ. ಶೆಟ್ಟಿಹಳ್ಳಿಯ ಚರ್ಚನ್ನು ನೀವು ನೋಡಿದ್ದೀರಿ, ನೋಡದವರು ಫೋಟೊ ನೋಡಿದ್ದೀರಿ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದು 1979ರಲ್ಲಿ ಹಿನ್ನೀರು ಏರಿದ ಮೇಲೆ ಅದು ಪ್ರತಿ ಮಳೆಗಾಲ ಮುಳುಗುತ್ತದೆ, ಬೇಸಿಗೆಯಲ್ಲಿ ಮೇಲೇಳುತ್ತದೆ. ಛಾವಣಿ ಇಲ್ಲ, ಗೋಡೆ ವರ್ಷ ವರ್ಷ ಸವೆಯುತ್ತಿದೆ. ಅದನ್ನು ತಾಳ್ಮೆಯ ಪ್ರತಿಮೆ ಎಂದು ವರ್ಣಿಸುವವರಿದ್ದಾರೆ. ಅಲ್ಲಿಗೆ ಹೋದಾಗಲೆಲ್ಲ ನನಗೆ ನಮ್ಮ ನುಡಿಗಟ್ಟೊಂದು ನೆನಪಾಗುತ್ತದೆ: ತಾಳ್ಮೆಯ ಕಟ್ಟೆ ಒಡೆಯಿತು ಎನ್ನುತ್ತೇವೆ. ಕನ್ನಡಿಗರಿಗೆ ತಾಳ್ಮೆಯೆಂದರೆ ನೀರು ತಡೆಯುವ ಕಟ್ಟೆ. ಕಟ್ಟೆ ಗಟ್ಟಿಯಾಗಿ ನಿಂತರೆ ಕೆಳಗಿನ ಗದ್ದೆಗಳಿಗೆಲ್ಲ ನೀರು. ಆದರೆ ಕಟ್ಟೆಯ ಹಿಂದೆ ಒಂದು ಊರು ಮುಳುಗಿರುತ್ತದೆ. ಕೆಳಗಿನವರು ಕಟ್ಟೆಯನ್ನು ಹೊಗಳುವಾಗ ಹಿಂದಿನವರನ್ನು ಒಮ್ಮೆ ನೆನೆಯಬೇಕಲ್ಲವೇ?

ಆ ಚರ್ಚಿನಲ್ಲಿ ಎಂದೋ ಓದಿರಬಹುದಾದ ಬೈಬಲಿನಲ್ಲಿ ಯಾಕೋಬನ ಪತ್ರಿಕೆ ಎಂಬ ಪುಟ್ಟ ಭಾಗವಿದೆ. ಈ ಯಾಕೋಬ ಬೇರೆ, ಯೂಸುಫರ ತಂದೆಯಲ್ಲ. ಅದರ ಐದನೆಯ ಅಧ್ಯಾಯ ನಮ್ಮ ತೋಟದಲ್ಲಿ ಕುಳಿತು ಬರೆದಂತಿದೆ. ರೈತನನ್ನು ನೋಡಿ, ಮೊದಲ ಮಳೆ ಮತ್ತು ಕೊನೆಯ ಮಳೆ ಬೀಳುವ ತನಕ ನೆಲದ ಬೆಲೆಬಾಳುವ ಫಲಕ್ಕಾಗಿ ಅವನು ತಾಳ್ಮೆಯಿಂದ ಕಾಯುತ್ತಾನೆ ಎನ್ನುತ್ತದೆ. ಎರಡು ಮಳೆ! ಪ್ಯಾಲೆಸ್ತೀನಿನ ಗೋಧಿಯವನಿಗೂ ಚಿಕ್ಕಮಗಳೂರಿನ ಕಾಫಿಯವನಿಗೂ ಒಂದು ಮಳೆ ಸಾಲದು. ಇದನ್ನು ಯಾರಿಗೂ ತೋರಿಸಬಹುದು, ಎಷ್ಟು ಚೆಂದ. ಆದರೆ ಅದೇ ಅಧ್ಯಾಯ ಆರಂಭವಾಗುವುದು ಹೇಗೆ ಗೊತ್ತೇ? ಐಶ್ವರ್ಯವಂತರೇ ಗೋಳಾಡಿ, ನಿಮ್ಮ ಹೊಲ ಕೊಯ್ದವರಿಗೆ ನೀವು ಕೊಡದೆ ಹಿಡಿದಿಟ್ಟ ಕೂಲಿ ಕೂಗುತ್ತಿದೆ, ಆ ಕೂಗು ದೇವರ ಕಿವಿ ಮುಟ್ಟಿದೆ ಎಂದು. ಮೊದಲು ಕೂಲಿಯ ಲೆಕ್ಕ, ಆಮೇಲೆ ತಾಳ್ಮೆಯ ಮಾತು. ಈ ಕ್ರಮವನ್ನು ಬರೆದವರು ತಿಳಿದೇ ಇಟ್ಟಿದ್ದಾರೆ. ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಬದುಕು ಕಳೆದವರ ಮುಂದೆ ನಾವು ತಾಳ್ಮೆಯ ಗುಣಗಾನ ಮಾಡುವ ಮೊದಲು ಈ ಕ್ರಮವನ್ನು ಪಾಲಿಸಬೇಕು.

ಅದೇ ಪತ್ರಿಕೆ ಯೋಬನ ತಾಳ್ಮೆಯನ್ನು ನೆನೆಯುತ್ತದೆ. ಕುರಾನಿನಲ್ಲಿ ಅವನೇ ಅಯ್ಯೂಬ್. ಅವನನ್ನು ತಾಳ್ಮೆಯುಳ್ಳವನಾಗಿ ಕಂಡೆವು ಎಂದು ಅಲ್ಲಿಯೂ ಹೊಗಳಿಕೆ ಇದೆ. ಮಕ್ಕಳು, ದನಕರು, ಆರೋಗ್ಯ ಎಲ್ಲ ಹೋದರೂ ಮಾತಾಡದೆ ಸಹಿಸಿದವನು ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿದೆ. ಬೈಬಲಿನಲ್ಲಿರುವ ಯೋಬನ ಗ್ರಂಥವನ್ನು ಓದಿ ನೋಡಿ. ಮೂರನೆಯ ಅಧ್ಯಾಯದಲ್ಲಿಯೇ ಅವನು ತಾನು ಹುಟ್ಟಿದ ದಿನವನ್ನು ಶಪಿಸುತ್ತಾನೆ. ಆಮೇಲೆ ಅಧ್ಯಾಯದ ಮೇಲೆ ಅಧ್ಯಾಯ ವಾದ: ನನ್ನ ತಪ್ಪೇನು, ತೋರಿಸು ಎಂದು ದೇವರನ್ನೇ ಕೇಳುತ್ತಾನೆ. ಗೆಳೆಯರು ಬಂದು ಬುದ್ಧಿ ಹೇಳುತ್ತಾರೆ, ನೀನು ಏನೋ ಪಾಪ ಮಾಡಿರಬೇಕು, ಒಪ್ಪಿಕೊಂಡು ಸುಮ್ಮನಿರು ಎಂದು. ಕೊನೆಗೆ ದೇವರು ಸಿಟ್ಟಾಗುವುದು ಯಾರ ಮೇಲೆ? ಗೆಳೆಯರ ಮೇಲೆ. ನನ್ನ ವಿಷಯದಲ್ಲಿ ಯೋಬನು ಆಡಿದಂತೆ ನೀವು ಸರಿಯಾದ ಮಾತನ್ನು ಆಡಲಿಲ್ಲ ಎನ್ನುತ್ತಾನೆ. ದೂರಿದವನ ಮಾತು ಸರಿ, ಸುಮ್ಮನಿರು ಎಂದವರ ಮಾತು ತಪ್ಪು. ಇದನ್ನು ಓದಿದ ರಾತ್ರಿ ನಾನು ನಿದ್ದೆ ಮಾಡಲಿಲ್ಲ.

ನಮ್ಮ ಮಹಾಭಾರತಕ್ಕೆ ಬರುತ್ತೇನೆ. ತಾಳ್ಮೆಯ ಬಗ್ಗೆ ನಾನು ಓದಿದ ಅತ್ಯುತ್ತಮ ಜಗಳ ವನಪರ್ವದಲ್ಲಿದೆ. ದ್ವೈತವನ, ಸಂಜೆ. ಸಭೆಯಲ್ಲಿ ಕೂದಲು ಹಿಡಿದು ಎಳೆಸಿಕೊಂಡವಳು ದ್ರೌಪದಿ, ಎದುರಿಗೆ ಧರ್ಮರಾಯ. ನಿನಗೆ ಸಿಟ್ಟೇ ಬರುವುದಿಲ್ಲವೇ ಎಂದು ಕೇಳುತ್ತಾಳೆ. ಬರಿಯ ಕೂಗಾಟವಲ್ಲ ಅದು, ಅವಳು ಪುರಾವೆ ತರುತ್ತಾಳೆ. ಬಲಿ ತನ್ನ ಅಜ್ಜ ಪ್ರಹ್ಲಾದನನ್ನು ಕೇಳಿದ ಪ್ರಶ್ನೆ: ಕ್ಷಮೆ ಮೇಲೋ ತೇಜಸ್ಸು ಮೇಲೋ? ಪ್ರಹ್ಲಾದ ಎಂದರೆ ನಮಗೆ ಸಹನೆಯ ಮೂರ್ತಿ. ಆ ಪ್ರಹ್ಲಾದನೇ ಹೇಳುತ್ತಾನೆ, ಸದಾ ಉಗ್ರತೆಯೂ ಒಳ್ಳೆಯದಲ್ಲ, ಸದಾ ಕ್ಷಮೆಯೂ ಒಳ್ಳೆಯದಲ್ಲ. ಹಿಂದೆ ಉಪಕಾರ ಮಾಡಿದವನನ್ನು, ತಿಳಿಯದೆ ತಪ್ಪಿದವನನ್ನು, ಮೊದಲ ಸಲ ತಪ್ಪಿದವನನ್ನು ಕ್ಷಮಿಸು. ಬುದ್ಧಿಪೂರ್ವಕವಾಗಿ ಮಾಡಿ ‘ಗೊತ್ತಿರಲಿಲ್ಲ’ ಎನ್ನುವವನನ್ನು, ತಪ್ಪು ಸಣ್ಣದಾದರೂ, ಬಿಡಬೇಡ. ಸದಾ ಸಹಿಸುವವನನ್ನು ಅವನ ಆಳುಗಳೂ ಲೆಕ್ಕಿಸುವುದಿಲ್ಲ. ಎಷ್ಟು ನೆಲಕ್ಕೆ ಕಾಲೂರಿದ ಮಾತು!

ಧರ್ಮರಾಯನ ಉತ್ತರವೂ ಹಗುರವಲ್ಲ. ಬೈದವನಿಗೆ ಬೈದು, ಹೊಡೆದವನಿಗೆ ಹೊಡೆಯುತ್ತ ಹೋದರೆ ತಂದೆ ಮಗನನ್ನು, ಮಗ ತಂದೆಯನ್ನು ಕೊಲ್ಲುವ ಲೋಕವಾದೀತು. ಭೂಮಿಯಂಥ ಕ್ಷಮಾವಂತರು ಇಲ್ಲದಿದ್ದರೆ ಮನುಷ್ಯರ ನಡುವೆ ಸಂಧಿಯೇ ಇರುತ್ತಿರಲಿಲ್ಲ ಎನ್ನುತ್ತಾನೆ. ಮತ್ತೆ ಭೂಮಿ ಬಂತು ನೋಡಿ. ನಾನು ಇಬ್ಬರ ಮಾತನ್ನೂ ಮನಸ್ಸಿನಲ್ಲಿ ತೂಗಿದ್ದೇನೆ. ಯುಧಿಷ್ಠಿರ ರಾಜ್ಯ ಕಳೆದುಕೊಂಡವನು, ತನ್ನ ಸಿಟ್ಟನ್ನು ತಾನು ಹಿಡಿಯುತ್ತಿದ್ದಾನೆ. ಅಲ್ಲಿಯ ತನಕ ಅವನು ದೊಡ್ಡವನು. ದ್ರೌಪದಿಯೂ ಅದೇ ರೀತಿ ತನ್ನ ಸಿಟ್ಟನ್ನು ನುಂಗಬೇಕು ಎಂದು ಅವನು ನಿರೀಕ್ಷಿಸುವಲ್ಲಿ ನನಗೆ ಕಷ್ಟವಾಗುತ್ತದೆ. ಎಳೆದದ್ದು ಅವಳ ಕೂದಲನ್ನು. ವ್ಯಾಸರು ಅವಳ ಬಾಯಿ ಮುಚ್ಚಿಸದೆ ಪೂರ್ತಿ ಮಾತನಾಡಲು ಬಿಟ್ಟಿದ್ದಾರೆ. ಅದಕ್ಕಾಗಿ ಅವರಿಗೆ ಕೈಮುಗಿಯುತ್ತೇನೆ.

ಶೃಂಗೇರಿ ನಮ್ಮ ಜಿಲ್ಲೆಯಲ್ಲಿಯೇ ಇರುವಾಗ ಶಂಕರರ ಪರಂಪರೆಯ ‘ತಿತಿಕ್ಷೆ’ಯನ್ನು ಬಿಡುವಂತಿಲ್ಲ. ಪ್ರತೀಕಾರ ಮಾಡದೆ, ಚಿಂತೆ ವಿಲಾಪಗಳಿಲ್ಲದೆ ಎಲ್ಲ ದುಃಖಗಳನ್ನು ಸಹಿಸುವುದು ತಿತಿಕ್ಷೆ ಎಂದು ಅವರ ಹೆಸರಿನಲ್ಲಿ ಬಂದಿರುವ ವಿವೇಕಚೂಡಾಮಣಿ ಹೇಳುತ್ತದೆ. ಇದು ಯಾಕೂಬರ ಅಳುವ ತಾಳ್ಮೆಗಿಂತ ಕಠಿಣ. ಆದರೆ ಇದು ಯಾರಿಗೆ ಹೇಳಿದ್ದು? ಶಮ ದಮಗಳ ಸಾಲಿನಲ್ಲಿ, ಮೋಕ್ಷವನ್ನು ತಾನೇ ಬಯಸಿ, ಮನೆ ಬಿಟ್ಟು, ಗುರುವಿನ ಮುಂದೆ ಬಂದು ಕುಳಿತವನಿಗೆ. ಅವನು ಬೇಡವೆಂದರೆ ಎದ್ದು ಹೋಗಬಹುದು. ಎದ್ದು ಹೋಗಲು ದಾರಿಯೇ ಇಲ್ಲದವಳಿಗೆ ಇದೇ ಲಕ್ಷಣವನ್ನು ಒಪ್ಪಿಸಿದರೆ ಅದು ವೇದಾಂತವಾಗುವುದಿಲ್ಲ.

ಬೌದ್ಧರು ತಾಳ್ಮೆಯನ್ನು ಕರೆಯುವ ‘ಖಂತಿ’ಯ (ಸಂಸ್ಕೃತದಲ್ಲಿ ಕ್ಷಾಂತಿ) ಬಗ್ಗೆ ಒಂದು ಗಂಟೆ ಮಾತನಾಡಬಹುದು, ಇಲ್ಲಿ ಒಂದೇ ಸಂಗತಿ ಹೇಳುತ್ತೇನೆ. ಖಂತಿಯೇ ಪರಮ ತಪಸ್ಸು ಎಂದು ಧಮ್ಮಪದದಲ್ಲಿದೆ. ಕ್ಷಾಂತಿಗೆ ಸಮನಾದ ತಪಸ್ಸಿಲ್ಲ ಎಂದು ಎಂಟನೆಯ ಶತಮಾನದ ಬೌದ್ಧ ಕವಿ ಶಾಂತಿದೇವ ಬರೆಯುತ್ತಾನೆ. ಹದಿನಾರನೆಯ ಶತಮಾನದಲ್ಲಿ ನಮ್ಮ ವಾದಿರಾಜರು ‘ತಾಳುವಿಕೆಗಿಂತನ್ಯ ತಪವು ಇಲ್ಲ’ ಎಂದು ಹಾಡುತ್ತಾರೆ. ಬೌದ್ಧರನ್ನು ಸಿದ್ಧಾಂತದಲ್ಲಿ ಒಪ್ಪದ ಮಾಧ್ವ ಯತಿಯ ಬಾಯಲ್ಲಿ ಹೆಚ್ಚುಕಡಿಮೆ ಅದೇ ವಾಕ್ಯ! ಮೂವರೂ ತಪಸ್ಸು ಎಂಬ ಪದವನ್ನೇ ಆರಿಸಿದ್ದಾರೆ. ತಪಸ್ಸನ್ನು ಇನ್ನೊಬ್ಬರ ಮೇಲೆ ಹೇರಲು ಬರುವುದಿಲ್ಲ. ನನ್ನ ಪರವಾಗಿ ನೀನು ತಪಸ್ಸು ಮಾಡು ಎಂದು ಯಾರೂ ಹೇಳುವಂತಿಲ್ಲ. ವಾದಿರಾಜರ ಎರಡನೆಯ ಸಾಲನ್ನು ನೋಡಿ: ‘ಕೇಳಬಲ್ಲವರಿಗೆ ಹೇಳುವೆನು ಸೊಲ್ಲ’. ಎಲ್ಲರಿಗೂ ಹೇಳುತ್ತೇನೆ ಎಂದಿಲ್ಲ ಅವರು.

ಇನ್ನು ಶ್ರವಣಬೆಳಗೊಳ. ವಿಂಧ್ಯಗಿರಿಯ ಮೇಲೆ ಚಾವುಂಡರಾಯ ಹತ್ತನೆಯ ಶತಮಾನದ ಕೊನೆಯಲ್ಲಿ ಮಾಡಿಸಿದ ಗೊಮ್ಮಟನಿಗಿಂತ ದೊಡ್ಡ ತಾಳ್ಮೆಯ ರೂಪ ನಮ್ಮ ನೆಲದಲ್ಲಿಲ್ಲ. ರೂಪ ತಾಳುವುದು ಎನ್ನುತ್ತೇವಲ್ಲ, ಅಲ್ಲಿ ತಾಳ್ಮೆಯೇ ರೂಪ ತಾಳಿದೆ. ಬಾಹುಬಲಿ ದೃಷ್ಟಿಯುದ್ಧದಲ್ಲಿ, ಜಲಯುದ್ಧದಲ್ಲಿ, ಮಲ್ಲಯುದ್ಧದಲ್ಲಿ ಅಣ್ಣ ಭರತನನ್ನು ಗೆದ್ದು, ಗೆದ್ದ ಕ್ಷಣದಲ್ಲಿ ಬಿಟ್ಟು ನಡೆದವನು. ಸೋತು ಸುಮ್ಮನಾದವನ ಸಹನೆ ಅದಲ್ಲ, ಕೈಯಲ್ಲಿ ಶಕ್ತಿ ಇದ್ದವನದು. ಒಂದು ವರ್ಷ ಕಾಯೋತ್ಸರ್ಗದಲ್ಲಿ, ಅಂದರೆ ಮೈಯ ಹಂಗು ತೊರೆದು ಅಲುಗದೆ ನಿಲ್ಲುವ ಧ್ಯಾನದಲ್ಲಿ, ನಿಂತನು. ಪಾದದ ಬಳಿ ಹುತ್ತ ಬೆಳೆಯಿತು, ಹಾವು ಬಂದವು, ಮಾಧವಿ ಬಳ್ಳಿ ತೊಡೆ ತೋಳುಗಳನ್ನು ಸುತ್ತಿತು.

ಆದರೂ ಅವನಿಗೆ ಕೇವಲಜ್ಞಾನ, ಅಂದರೆ ಜೈನರು ಹೇಳುವ ಪರಿಪೂರ್ಣ ಅರಿವು, ದಕ್ಕಲಿಲ್ಲ! ಇದು ಬಹಳ ಜನ ಮರೆಯುವ ಭಾಗ. ನಮ್ಮ ಕಡೆ ಹೇಳುವ ಕಥೆಯಲ್ಲಿ, ತಾನು ನಿಂತಿರುವ ನೆಲ ಅಣ್ಣನದು ಎಂಬ ಮುಳ್ಳು ಒಳಗೆ ಉಳಿದಿತ್ತು. ಭರತನೇ ಬಂದು ಬಾಗಿದ ಮೇಲೆ ಅದು ಕರಗಿತು. ಶ್ವೇತಾಂಬರರ ಕಥೆಯಲ್ಲಿ ತಂಗಿಯರಾದ ಬ್ರಾಹ್ಮಿ ಸುಂದರಿಯರು ಬಂದು, ಅಣ್ಣಾ, ಆನೆಯಿಂದ ಇಳಿ ಎನ್ನುತ್ತಾರೆ. ನೆಲದ ಮೇಲೆ ನಿಂತವನಿಗೆ ಯಾವ ಆನೆ? ಅಭಿಮಾನದ ಆನೆ. ಮೈಗೆ ಬಳ್ಳಿ ಸುತ್ತಿದರೂ ಒಳಗೆ ಲೆಕ್ಕ ನಡೆಯುತ್ತಿರಬಹುದು: ನಾನು ಎಷ್ಟು ಸಹಿಸಿದೆ, ಅವರು ಎಷ್ಟು ಮಾಡಿದರು ಎಂದು. ಇಂಥ ತಾಳ್ಮೆಯನ್ನು ನಾನು ಮನೆಮನೆಗಳಲ್ಲಿ ನೋಡಿದ್ದೇನೆ, ನನ್ನಲ್ಲಿಯೂ ನೋಡಿದ್ದೇನೆ. ಜೈನರ ದಶಧರ್ಮಗಳಲ್ಲಿ ಮೊದಲನೆಯದು ಉತ್ತಮ ಕ್ಷಮೆ, ಎರಡನೆಯದು ಉತ್ತಮ ಮಾರ್ದವ, ಅಂದರೆ ಅಹಂಕಾರವಿಲ್ಲದ ಮೃದುತ್ವ. ಕ್ಷಮೆಯ ಬೆನ್ನಿಗೇ ಮಾರ್ದವವನ್ನು ಇಟ್ಟದ್ದರ ಮರ್ಮ ಗೊಮ್ಮಟನ ಕಥೆ ತಿಳಿದವರಿಗೆ ಬೇಗ ಹೊಳೆಯುತ್ತದೆ.

ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ. 2006ರಲ್ಲಿ ನೋಡಿದೆ, 2018ರಲ್ಲಿಯೂ ನೋಡಿದೆ. ಮುಂದಿನದು 2030. ಮೊದಲ ಅಭಿಷೇಕದ ಐತಿಹ್ಯದಲ್ಲಿ ಚಾವುಂಡರಾಯನ ಕೊಡಕೊಡ ಹಾಲು ಸೊಂಟದಿಂದ ಕೆಳಗೆ ಇಳಿಯಲಿಲ್ಲ, ಗುಳ್ಳಕಾಯಜ್ಜಿಯ ಚಿಪ್ಪಿನಷ್ಟು ಹಾಲು ಪಾದ ಮುಟ್ಟಿತು. ಆ ಅಜ್ಜಿ ತನ್ನ ಸರದಿಗಾಗಿ ಎಷ್ಟು ದಿನ ನಿಂತಿದ್ದಳೋ. ಗೊಮ್ಮಟನ ಎದುರಿನಲ್ಲಿಯೇ ಅವಳ ಶಿಲ್ಪವಿದೆ. ಮುಂದಿನ ಸಲ ಹೋದಾಗ ಅವಳನ್ನೂ ನಿಂತು ನೋಡಿ.

ಬೇಲೂರಿನ ಶಿಲ್ಪಿಗಳ ತಾಳ್ಮೆಯನ್ನು ನೀವು ಎಷ್ಟೋ ಸಲ ಕೇಳಿರುವುದರಿಂದ ಒಂದೇ ಮಾತು ಸೇರಿಸುತ್ತೇನೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕೆತ್ತಿದ ಮದನಿಕೆಯರ ಕೆಳಗೆ ತಮ್ಮ ಹೆಸರು ಕೊರೆದಿದ್ದಾರೆ. ಅಷ್ಟು ತಾಳ್ಮೆಯಿಂದ ಕೆಲಸ ಮಾಡಿದವರು ತಮ್ಮನ್ನು ಅಳಿಸಿಕೊಳ್ಳಲಿಲ್ಲ.

ಮಾತು ಮುಗಿಸಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು: ‘ನೋವಿನಲ್ಲಿರುವವರು ನಮ್ಮ ಹತ್ತಿರ ಬಂದರೆ ತಾಳು ಎನ್ನಬಾರದು ಎಂದಿರಿ. ಹಾಗಾದರೆ ಏನು ಹೇಳಬೇಕು?’

ನಾನು ಯೋಬನ ಗೆಳೆಯರಿಗೆ ಮರಳಿದೆ. ಅವರು ಬುದ್ಧಿ ಹೇಳಿ ಕೆಟ್ಟರು, ನಿಜ. ಆದರೆ ಅದಕ್ಕೆ ಮೊದಲು, ಅವನನ್ನು ಕಂಡ ಕೂಡಲೇ ಬಟ್ಟೆ ಹರಿದುಕೊಂಡು ಅತ್ತು, ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕುಳಿತಿದ್ದರು. ಅವನ ನೋವು ಬಹಳ ದೊಡ್ಡದೆಂದು ಕಂಡು ಯಾರೂ ಒಂದು ಮಾತನ್ನೂ ಆಡಲಿಲ್ಲ. ಇಡೀ ಗ್ರಂಥದಲ್ಲಿ ಅವರು 'ತಾಳಿದ' ಏಳು ದಿನಗಳು ಅವು. ನನ್ನ ಮನೆಗೆ ಬಂದವಳ ಜೊತೆ ನಾನು ಒಂದು ಮಧ್ಯಾಹ್ನ ಕೂಡ ಹಾಗೆ ಕುಳಿತಿರಲಿಲ್ಲ.

ಆ ಹುಡುಗಿಗೆ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ. ಕಳೆದ ವರ್ಷ ಕಾಫಿ ಕೊಯ್ಲಿನ ಹೊತ್ತಿನಲ್ಲಿ ನನ್ನ ವಿದ್ಯಾರ್ಥಿನಿಯ ಮನೆಯನ್ನು ಹುಡುಕಿಕೊಂಡು ಹೋದೆ. ಈಗ ಅವಳು ಮಗನ ಜೊತೆ ಬೇರೆ ಇದ್ದಾಳೆ, ಹೊಲಿಗೆ ಮಾಡುತ್ತಾಳೆ. ಕ್ಷಮಿಸು ಎಂದು ಕೇಳಬೇಕೆಂದು ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡಿದ್ದೆ. ಬಾಗಿಲಲ್ಲಿ ನಿಂತಾಗ ಆ ಪದದ ಧಾತು ನೆನಪಾಯಿತು. ‘ಕ್ಷಮ್’ ಎಂದರೆ ತಾಳು, ಸಹಿಸಿಕೋ. ಇಷ್ಟು ವರ್ಷದ ಮೇಲೆ ಮತ್ತೆ ಅದನ್ನೇ ಅವಳನ್ನು ಕೇಳಲು ಬಂದಿದ್ದೆ.

‘ಅಂದು ನಾನು ಹೇಳಿದ್ದು ತಪ್ಪು’ ಎಂದಷ್ಟೇ ಹೇಳಿದೆ. ಅವಳು ಏನೂ ಹೇಳಲಿಲ್ಲ. ಹೊಲಿಗೆ ಯಂತ್ರದ ಪಕ್ಕದ ಮಣೆಯ ಮೇಲಿದ್ದ ಬಟ್ಟೆಗಳನ್ನು ಎತ್ತಿ ನನಗೆ ಜಾಗ ಮಾಡಿಕೊಟ್ಟಳು. ನಾನು ಕುಳಿತೆ. ಅವಳು ಒಂದು ಸಮವಸ್ತ್ರದ ಅಂಚು ಹೊಲಿದು ಮುಗಿಸಿ, ಇನ್ನೊಂದನ್ನು ಎತ್ತಿಕೊಂಡಳು.